ಕೊಳೆಯಾಗದ ಬೂಟು

ಕಾಲಿಗೆ ಹಾಕಿಕೊಂಡು ಓಡಾಡಿದ ಬ್ರೇಸ್‌ಗೆ ಒಂದು ವಾಸನೆ ಇರುತ್ತದೆ. ಬೆವರಿನದು, ಹಳೆ ಕಾಲುಚೀಲದ್ದು, ಸ್ವಲ್ಪ ಹುಳಿ ಹುಳಿ. ಪಟ್ಟಿಯ ವೆಲ್ಕ್ರೋದಲ್ಲಿ ಕೂದಲು, ಕಂಬಳಿಯ ನಾರು, ಒಂದೊಂದು ಸಲ ಒಣಗಿದ ಅನ್ನದ ಅಗುಳು ಸಿಕ್ಕಿಕೊಂಡಿರುತ್ತದೆ. ಹಿಮ್ಮಡಿ ಕೂರುವ ಜಾಗದಲ್ಲಿ ಪ್ಲಾಸ್ಟಿಕ್ ಮಬ್ಬಾಗಿರುತ್ತದೆ. ನನ್ನ ಕೆಲಸದಲ್ಲಿ ನಾನು ಕಲಿತ ದೊಡ್ಡ ಪಾಠ ಇಷ್ಟೇ. ನಾಲ್ಕೂವರೆ ವರ್ಷದ ಡಿಗ್ರಿಯಲ್ಲಿ ಯಾರೂ ಇದನ್ನು ಹೇಳಿಕೊಡಲಿಲ್ಲ. ಹೇಳಿಕೊಟ್ಟವರು ಒಬ್ಬರಿದ್ದರು, ನಾನು ಕೇಳಿಸಿಕೊಳ್ಳಲಿಲ್ಲ.

ನಾನು ಕುಣಿಗಲ್ ಕಡೆಯ ಹಳ್ಳಿಯವಳು. ಅಪ್ಪ ತೆಂಗಿನಕಾಯಿ ಸುಲಿಯುವ ಕೆಲಸ ಮಾಡುತ್ತಿದ್ದರು. ನೆಲಕ್ಕೆ ನೆಟ್ಟ ಸಲಾಕೆಗೆ ಕಾಯಿ ಚುಚ್ಚಿ, ಮೂರು ತಿರುವಿನಲ್ಲಿ ಸಿಪ್ಪೆ ಬಿಡಿಸಿ ಬಿಸಾಡುತ್ತಿದ್ದರು. ನಮ್ಮ ಮನೆಯಲ್ಲಿ ನನಗಿಂತ ಮುಂಚೆ ಎಸ್ಸೆಸ್ಸೆಲ್ಸಿ ದಾಟಿದವರು ಇರಲಿಲ್ಲ. ನಾನು ಓದಿದ್ದು ಕೈಕಾಲಿಗೆ ಬ್ರೇಸ್ ಮತ್ತು ಕೃತಕ ಕಾಲು ಮಾಡುವ ವಿದ್ಯೆ. ಬ್ರೇಸ್ ಮಾಡುವವರನ್ನು ಆರ್ಥೋಟಿಸ್ಟ್ ಅನ್ನುತ್ತಾರೆ. ಅಪ್ಪನ ಬಾಯಲ್ಲಿ ಅದು ತಿರುಗುತ್ತಿರಲಿಲ್ಲ. ಕಾಯಿ ಮಂಡಿಯಲ್ಲಿ ಯಾರಾದರೂ "ಮಗಳು ಏನ್ ಓದವ್ಳೆ?" ಅಂದರೆ, "ಕಾಲ್ ಡಾಕ್ಟ್ರು" ಅನ್ನುತ್ತಿದ್ದರು.

"ಕಾಲ್ ಡಾಕ್ಟ್ರಾ? ಏನ್ ಮಾಡ್ತಾಳಪ್ಪಾ ಅವ್ಳು?"

"ಕಾಲ್ಗೆ ಅಳತೆ ತಗೊಂಡು ಬೂಟ್ ಥರ ಮಾಡಿ ಹಾಕ್ತಾಳೆ. ನಡೆಯಕ್ ಬರ್ದಿರೋರು ನಡೀತಾರೆ."

"ಲಾಳ ಹೊಡ್ಯೋದು ಅನ್ನು. ಅದ್ಕೂ ಡಿಗ್ರಿ ಐತೇನ್ಲಾ?"

ಕುಣಿಗಲ್ಲಿನ ಕುದುರೆ ಫಾರಂ ಕಂಡ ಜನ, ಇನ್ನೇನು ಅಂದಾರು. ಅಪ್ಪ ನಗುತ್ತಿದ್ದರು, ಮನೆಗೆ ಬಂದು ನಮಗೂ ಹೇಳಿ ನಗಿಸುತ್ತಿದ್ದರು. ನನಗೆ ಮಾತ್ರ ನಗು ಬರುತ್ತಿರಲಿಲ್ಲ. ಆ ಡಿಗ್ರಿಗಾಗಿ ಹಾಸ್ಟೆಲ್ಲಿನಲ್ಲಿ ಇಂಗ್ಲಿಷ್ ಪುಸ್ತಕದ ಒಂದೊಂದು ಪುಟವನ್ನೂ ನಿಘಂಟು ಇಟ್ಟುಕೊಂಡು ಓದಿದ್ದೆ. ಮೊದಲ ವರ್ಷ ಎರಡು ಸಬ್ಜೆಕ್ಟ್ ಹೋಗಿತ್ತು. ಮತ್ತೆ ಕಟ್ಟಿ ಪಾಸು ಮಾಡಿದೆ. ಅದಕ್ಕೇ ಇರಬೇಕು, ಕೆಲಸಕ್ಕೆ ಸೇರಿದ ಹೊಸದರಲ್ಲಿ ನಾನು ತುಂಬಾ ಬೀಗುತ್ತಿದ್ದೆ. ಪೇಷೆಂಟುಗಳ ಹತ್ತಿರ ಪುಸ್ತಕದ ಕನ್ನಡ ಮಾತಾಡುತ್ತಿದ್ದೆ. ಮನೆಯ ಮಾತು ಬಾಯಿಗೆ ಬಂದರೆ ನುಂಗಿಕೊಳ್ಳುತ್ತಿದ್ದೆ.

ನಾನು ಕೆಲಸ ಮಾಡುವುದು ತುಮಕೂರಿನ ಬಟವಾಡಿಯಲ್ಲಿ, ಹೈವೇ ಪಕ್ಕದ ಒಂದು ಸಣ್ಣ ಸೆಂಟರಿನಲ್ಲಿ. ಮುಂದೆ ಪೇಷೆಂಟ್ ನೋಡುವ ಕೋಣೆ, ಹಿಂದೆ ವರ್ಕ್‌ಶಾಪು. ಪಕ್ಕದಲ್ಲಿ ಟಯರ್ ಅಂಗಡಿ. ವಾರಕ್ಕೊಂದು ದಿನ ಗುಬ್ಬಿಗೆ ಹೋಗಿ ಅಲ್ಲಿನ ಫಿಸಿಯೋಥೆರಪಿ ಕ್ಲಿನಿಕ್‌ನಲ್ಲಿ ಕೂರುತ್ತೇನೆ. ವರ್ಕ್‌ಶಾಪಿನಲ್ಲಿ ನನ್ನ ಜೊತೆ ಇರುವವರು ಒಬ್ಬ ಹಿರಿಯರು. ನಾನು ಅವರನ್ನು ಅಣ್ಣ ಅಂತಲೇ ಕರೆಯುವುದು. ಪೋಲಿಯೋ ಆದವರಿಗೆ ಕಬ್ಬಿಣದ ಸರಳು, ಚರ್ಮದ ಪಟ್ಟಿ ಇಟ್ಟು ಕ್ಯಾಲಿಪರ್ ಮಾಡುತ್ತಿದ್ದ ಕಾಲದಲ್ಲಿ ಚರ್ಮ ಹೊಲಿಯಲು ಸೇರಿದವರು. ನಾಲ್ಕನೇ ಕ್ಲಾಸಿಗೆ ಸ್ಕೂಲು ಬಿಟ್ಟವರು. ಕಾಲನ್ನು ಕೈಯಲ್ಲಿ ಹಿಡಿದರೆ ಸಾಕು, ಎಲ್ಲಿ ಒತ್ತುತ್ತದೆ ಅಂತ ಹೇಳುವರು. ಎದುರಿಗೆ ನನ್ನನ್ನು "ಮೇಡಂ" ಅನ್ನುವರು, ಕೆಲಸದ ಮಧ್ಯೆ ಮರೆತು "ಕಣಮ್ಮ" ಅನ್ನುವರು.

ಆ ತಾಯಿ ಮೊದಲ ಸಲ ಬಂದದ್ದು ಗೌರಿ ಹಬ್ಬ ಕಳೆದ ಮೇಲೆ. ನಿಟ್ಟೂರಿನ ಹತ್ತಿರದ ಹಳ್ಳಿ, ರೈಲಿನಲ್ಲಿ ಬಂದು, ಸ್ಟೇಷನ್ನಿನಿಂದ ಆಟೋ ಹಿಡಿದು ಬಂದಿದ್ದಳು. ನನ್ನದೇ ವಯಸ್ಸು, ಒಂದೆರಡು ವರ್ಷ ಹೆಚ್ಚು ಕಡಿಮೆ. ಸೊಂಟದ ಮೇಲೆ ಐದು ವರ್ಷದ ಮಗಳು. ಹುಟ್ಟುವಾಗ ತೊಂದರೆಯಾಗಿ ಮಗುವಿನ ಬಲಗೈ, ಬಲಗಾಲು ಸ್ವಲ್ಪ ಬಿಗಿ. ನಡೆಯುತ್ತಿದ್ದಳು, ಆದರೆ ಬಲಗಾಲಿನ ಹಿಮ್ಮಡಿ ನೆಲ ಮುಟ್ಟುತ್ತಿರಲಿಲ್ಲ. ತುದಿಬೆರಳ ಮೇಲೆ ಕುಂಟಿಕೊಂಡು ಓಡುತ್ತಿದ್ದಳು, ಓಡುವಾಗ ಬೀಳುತ್ತಿದ್ದಳು. ಮೂಳೆ ಡಾಕ್ಟರು ಇಂಗ್ಲಿಷಿನಲ್ಲಿ ಚೀಟಿ ಬರೆದುಕೊಟ್ಟಿದ್ದರು. ಅದರ ಅರ್ಥ ಇಷ್ಟು: ಕಾಲನ್ನು ನೆಟ್ಟಗೆ ಹಿಡಿದಿಡುವ ಬ್ರೇಸ್ ಮಾಡಿ ದಿನವಿಡೀ ಹಾಕಿಸಬೇಕು. ಹಾಕಿಸದಿದ್ದರೆ ಮಗು ಬೆಳೆದ ಹಾಗೆ ಮೀನಖಂಡದ ಸ್ನಾಯು ಗಿಡ್ಡವಾಗುತ್ತಾ ಬಂದು ಹಿಮ್ಮಡಿ ಮೇಲೇ ನಿಂತುಬಿಡುತ್ತದೆ.

"ಬರೋ ವರ್ಷ ಒಂದ್ನೇ ಕ್ಲಾಸು ಮೇಡಮ್ಮೋರೆ," ಅಂದಳು. "ಸ್ಕೂಲ್ಗೆ ಹೋಗೋಷ್ಟೊತ್ಗೆ ಕಾಲು ಊರ್ಬೇಕು. ಅಷ್ಟೇ ನಂಗೆ. ಈಗ್ಲೇ ಹಟ್ಟಿ ಮಕ್ಳೆಲ್ಲ ಇವ್ಳನ್ನ ಕುಂಟುಕೋಳಿ ಅಂತವೆ."

"ನಾನು ಕೋಳಿ ಅಲ್ಲ," ಅಂದಿತು ಮಗು.

ಬ್ರೇಸ್ ಮಾಡಲು ಮೊದಲು ಕಾಲಿನ ಅಚ್ಚು ತೆಗೆಯಬೇಕು. ತೆಳು ಕಾಲುಚೀಲ ಹಾಕಿ, ನೀರಲ್ಲಿ ಅಳಿಯದ ಪೆನ್ಸಿಲ್ಲಿನಲ್ಲಿ ಮೂಳೆ ಎದ್ದಿರುವ ಜಾಗಗಳನ್ನು ಗುರುತು ಹಾಕಿ, ಅದರ ಮೇಲೆ ಒದ್ದೆ ಪ್ಲಾಸ್ಟರ್ ಪಟ್ಟಿ ಸುತ್ತಬೇಕು. ಅದು ಗಟ್ಟಿಯಾಗುವವರೆಗೂ ನಾನು ಮಗುವಿನ ಪಾದವನ್ನು ತೊಡೆಯ ಮೇಲೆ ಇಟ್ಟುಕೊಂಡು, ಎಷ್ಟು ನೆಟ್ಟಗೆ ಬರುತ್ತದೋ ಅಷ್ಟು ನೆಟ್ಟಗೆ ಹಿಡಿದು ಕೂರಬೇಕು. ಆ ಕೆಲವು ನಿಮಿಷ ನಾನು ಹಿಡಿದ ಹಾಗೆಯೇ ಬ್ರೇಸ್ ಆಗುವುದು.

"ಅಲ್ಲಾಡ್‌ಬ್ಯಾಡ ಕಣವ್ವ," ಅಂದರು ಅಣ್ಣ. "ಅಲ್ಲಾಡುದ್ರೆ ಕಾಲು ಬಾಳೆಕಾಯ್ ಥರ ಸೊಟ್ಟುಗ್ ಬತ್ತೈತೆ."

"ನಿಂದೇ ಬಾಳೆಕಾಯ್," ಅಂದಿತು ಮಗು. ಸ್ವಲ್ಪ ಹೊತ್ತಿಗೆ ಪಟ್ಟಿ ಕಾವೇರತೊಡಗಿತು. ಗಟ್ಟಿಯಾಗುವಾಗ ಅದು ಬಿಸಿಯಾಗುತ್ತದೆ. ಮಗು ಕಣ್ಣರಳಿಸಿ, "ಅಮ್ಮಾ, ಒಳ್ಗೆ ಯಾರೋ ಉಚ್ಚೆ ಹುಯ್ದವ್ರೆ!" ಅಂತ ಕೂಗಿತು. ಅಣ್ಣ ಕೈಯಲ್ಲಿದ್ದ ನೀರಿನ ಬೇಸಿನ್ ಕೆಳಗಿಟ್ಟು ನಕ್ಕರು. ತಾಯಿ ಸೆರಗು ಬಾಯಿಗಿಟ್ಟುಕೊಂಡಳು. ನಾನು ಪಾದ ಬಿಡುವ ಹಾಗಿರಲಿಲ್ಲ, ಹೊಟ್ಟೆ ಕುಲುಕದ ಹಾಗೆ ನಕ್ಕೆ.

ಆಮೇಲೆ ಬಣ್ಣದ ಕಾಗದದ ಫೈಲ್ ಮುಂದಿಟ್ಟೆ. ಬಿಸಿ ಪ್ಲಾಸ್ಟಿಕ್ ಹಾಳೆಯ ಮೇಲೆ ಆ ಕಾಗದ ಒತ್ತಿದರೆ ಚಿತ್ರ ಅದರಲ್ಲೇ ಕೂತುಬಿಡುತ್ತದೆ. ಕಾರು, ನಕ್ಷತ್ರ, ಚಿಟ್ಟೆ ಇದ್ದವು. ಮಗು ಕಾರು ಅಂದಿತು. ತಾಯಿ ಚಿಟ್ಟೆ ಅಂದಳು.

"ಹೆಣ್ಮಗು ಕಣೇ, ಕಾರ್ ಏನ್ ಮಾಡ್ತೀಯ?"

"ಓಡಿಸ್ತೀನಿ."

"ಮೊದ್ಲು ನೆಟ್ಗೆ ನಡಿ." ಆಮೇಲೆ ನನ್ನ ಕಡೆ ತಿರುಗಿ, "ಮದ್ವೆ ರವಿಕೆ ಬಿಟ್ರೆ ನಮ್ಮನೇಲಿ ಅಳತೆ ಕೊಟ್ಟು ಮಾಡ್ಸಿರೋದು ಇದೊಂದೇ ಮೇಡಮ್ಮೋರೆ, ಚೆಂದಾಗ್ ಮಾಡ್ಕೊಡಿ," ಅಂದಳು.

ಚೆಂದ ಮಾಡಿದೆ. ಅಚ್ಚಿನೊಳಗೆ ಪ್ಲಾಸ್ಟರ್ ಹುಯ್ದು ತೆಗೆದ ಗಚ್ಚಿನ ಕಾಲನ್ನು ನಾನೇ ಅರ ಹಿಡಿದು ತಿದ್ದಿದೆ. ಹಾಳೆಯನ್ನು ಒಲೆಯಲ್ಲಿ ಕಾಯಿಸಿ ಅದರ ಮೇಲೆ ಹೊದಿಸುವಾಗ ಚಿಟ್ಟೆಗಳು ಹಿಮ್ಮಡಿಯ ಸುತ್ತ ಬರುವ ಹಾಗೆ ಹಿಡಿದೆವು. ಅಂಚನ್ನು ನಾನು ಎರಡು ದಿನ ಉಜ್ಜಿದೆ. "ಸಾಕು ಕಣಮ್ಮ, ಕಾಲಿಗ್ ಹಾಕೋದು, ದೇವ್ರಿಗಲ್ಲ," ಅಂದರು ಅಣ್ಣ. ಅದು ನಾನೇ ಅಳತೆಯಿಂದ ಕಡೆಯವರೆಗೂ ನಿಂತು ಮಾಡಿದ ಮೊದಲ ಬ್ರೇಸ್. ಫೋನಿನಲ್ಲಿ ಫೋಟೋ ತೆಗೆದು ಅಪ್ಪನಿಗೆ ತೋರಿಸಿದ್ದೆ.

ಹಾಕಿ ನೋಡುವ ದಿನ ಮಗುವಿನ ಹಿಮ್ಮಡಿ ಅದರೊಳಗೆ ಸರಿಯಾಗಿ ಕೂತಿತು. ಮೇಲೆ ಒಂದು ದೊಡ್ಡ ಅಳತೆಯ ಸ್ಯಾಂಡಲ್ ಹಾಕಿ ನಿಲ್ಲಿಸಿದೆ. ತಾಯಿ ನೆಲಕ್ಕೆ ಬಗ್ಗಿ, ಹಿಮ್ಮಡಿಯ ಕೆಳಗೆ ಕಿರುಬೆರಳು ತೂರಿಸಲು ನೋಡಿದಳು.

"ಬೆಳ್ಳು ಹೋಗಲ್ಲ ಮೇಡಮ್ಮೋರೆ," ಅಂದಳು. ಇನ್ನೊಂದು ಸಲ ನೋಡಿದಳು. "ಒಂಚೂರೂ ಹೋಗಲ್ಲ."

ಮಗು ಟಯರ್ ಅಂಗಡಿಯವರೆಗೂ ನಡೆದು, ತಿರುಗಿ ಬಂತು. ಬೀಳಲಿಲ್ಲ. ತಾಯಿ ನನ್ನ ಕೈ ಹಿಡಿದುಕೊಂಡಳು. ನಾನು ಒಂದು ಮುದ್ರಿಸಿದ ಹಾಳೆ ಕೊಟ್ಟೆ. ಬ್ರೇಸ್ ತೆಗೆದುಕೊಂಡು ಹೋಗುವವರಿಗೆಲ್ಲ ಕೊಡುವ ಸೂಚನೆ. ಸೆಂಟರಿನಲ್ಲಿ ಮೊದಲು ಇಂಗ್ಲಿಷಿನದು ಮಾತ್ರ ಇತ್ತು. ನಾನು ಬಂದ ಮೇಲೆ ಕನ್ನಡದಲ್ಲಿ ಬರೆದು ಮುದ್ರಿಸಿದ್ದೆ. ಅದೂ ನನ್ನ ಒಂದು ಹೆಮ್ಮೆ. ಏಳನೇ ಕ್ಲಾಸು ಓದಿದ್ದ ಆ ತಾಯಿ ಅಲ್ಲೇ ನಿಂತು ಬೆರಳಿಟ್ಟು ಓದಿದಳು. ವೈದ್ಯರ ಸಲಹೆಯಂತೆ ಧರಿಸತಕ್ಕದ್ದು. ಬೆಂಕಿ, ಬಿಸಿಲಿನಿಂದ ದೂರವಿಡತಕ್ಕದ್ದು. ಮಣ್ಣು, ಕೆಸರು ತಾಗದಂತೆ ನೋಡಿಕೊಳ್ಳತಕ್ಕದ್ದು. ಒದ್ದೆ ಬಟ್ಟೆಯಿಂದ ಒರೆಸಿ ಸ್ವಚ್ಛವಾಗಿಡತಕ್ಕದ್ದು. ಗೀರು, ಬಿರುಕು ಬೀಳದಂತೆ ಜೋಪಾನ ಮಾಡತಕ್ಕದ್ದು. ಮುಂದಿನ ತಪಾಸಣೆಗೆ ಬರುವಾಗ ತಪ್ಪದೆ ತರತಕ್ಕದ್ದು.

ಆರು ಸಾಲು. ಕಾಲಿನ ಬಗ್ಗೆ ಒಂದು, ಬೂಟಿನ ಬಗ್ಗೆ ಐದು. ಈಗ ಲೆಕ್ಕ ಹಾಕುತ್ತೇನೆ. ಆಗ ನನಗೆ ಅದು ಕಾಣಲಿಲ್ಲ.

ದೀಪಾವಳಿ ಮುಗಿದ ಮೇಲೆ ಮೊದಲ ತಪಾಸಣೆಗೆ ಬಂದರು. ಮಗು ಬ್ರೇಸ್ ಹಾಕಿಕೊಂಡೇ ಒಳಗೆ ನಡೆದು ಬಂತು. ಬಿಚ್ಚಿ ನೋಡಿದೆ. ಚಿಟ್ಟೆಗಳು ಫಳಫಳ ಹೊಳೆಯುತ್ತಿದ್ದವು. ವೆಲ್ಕ್ರೋದಲ್ಲಿ ಒಂದು ಕೂದಲಿರಲಿಲ್ಲ. ಮಗುವಿನ ಚರ್ಮದ ಮೇಲೆ ಎಲ್ಲೂ ಕೆಂಪು ಗುರುತಿರಲಿಲ್ಲ. ದಿನವಿಡೀ ಹಾಕಿದರೆ ಒಂದೆರಡು ಕಡೆ ತೆಳುವಾಗಿ ಕೆಂಪಾಗಬೇಕು, ಬಿಚ್ಚಿದ ಸ್ವಲ್ಪ ಹೊತ್ತಿಗೆ ಹೋಗಬೇಕು. ಒಂದೂ ಗುರುತಿಲ್ಲ ಅಂದರೆ ನಾನು ತಿಳಿದುಕೊಂಡದ್ದು, ನನ್ನ ಅಳತೆ ಅಷ್ಟು ಸರಿಯಾಗಿದೆ ಅಂತ.

"ಎಷ್ಟು ಚೆನ್ನಾಗಿ ಇಟ್ಟುಕೊಂಡಿದ್ದೀರಮ್ಮ," ಅಂದೆ. ಬೆಂಚಿನ ಮೇಲೆ ಕೂತಿದ್ದ ಇನ್ನೊಬ್ಬ ತಾಯಿಗೆ ಎತ್ತಿ ತೋರಿಸಿದೆ. ಅವಳು ಟೌನಿನವಳು, ಅವಳ ಮಗನ ಬ್ರೇಸ್ ಬಣ್ಣಗೆಟ್ಟು, ಪಟ್ಟಿ ಜೋತು, ನಾರುತ್ತಿತ್ತು. "ನೋಡಿ, ಹಳ್ಳಿಯಿಂದ ಬರ್ತಾರೆ. ಹೀಗೆ ಇಟ್ಟುಕೊಳ್ಳಬೇಕು."

ಆ ಮಾತನ್ನು ನಾನು ಯಾಕೆ ಆಡಿದೆ ಅಂತ ನನಗೆ ಗೊತ್ತು. ಹಾಸ್ಟೆಲ್ಲಿನಲ್ಲಿ ನನ್ನ ಪಕ್ಕದ ಮಂಚದವಳು ನನ್ನ ಬಕೆಟ್ಟನ್ನು ಕಾಲಲ್ಲಿ ಸರಿಸುತ್ತಿದ್ದಳು. ಹಳ್ಳಿಯವರು ಗಲೀಜು ಅನ್ನುವ ಮಾತು ಕೇಳಿ ಕೇಳಿ ನನ್ನೊಳಗೆ ಒಂದು ಗಾಯ ಇತ್ತು. ಆ ದಿನ ಆ ಹೊಳೆಯುವ ಬ್ರೇಸನ್ನು ಎತ್ತಿ ಹಿಡಿದಾಗ ನನಗೆ ಮಗುವಿನ ಕಾಲು ನೆನಪಿರಲಿಲ್ಲ. ಆ ಪಕ್ಕದ ಮಂಚದವಳು ನೆನಪಿದ್ದಳು. ತಾಯಿಯ ಮುಖ ಅರಳಿತು. ಟೌನಿನ ತಾಯಿ ತನ್ನ ಮಗನ ಬ್ರೇಸನ್ನು ಬ್ಯಾಗಿನೊಳಕ್ಕೆ ತಳ್ಳಿಕೊಂಡಳು. ಆ ಹುಡುಗನ ಹಿಮ್ಮಡಿ ಇವತ್ತಿಗೂ ನೆಲದ ಮೇಲಿದೆ, ಅದನ್ನೂ ಹೇಳಿಬಿಡುತ್ತೇನೆ.

ಅವರು ಹೋದ ಮೇಲೆ ಅಣ್ಣ ಅಂದರು, "ಮೇಡಂ, ಆ ಮಗೀನ್ ಬೂಟು ಮೂಸಿ ನೋಡಿದ್ರಾ?"

"ಯಾಕೆ?"

"ವಾಸ್ನೆ ಇಲ್ಲ. ನುಸಿಗುಳಿಗೆ ವಾಸ್ನೆ ಐತೆ."

"ಇದ್ದರೇನೀಗ? ಹಳ್ಳಿಯವರು ಅಂದರೆ ನಾರಲೇಬೇಕಾ?"

ಅಣ್ಣ ನನ್ನ ಮುಖ ನೋಡಿದರು. "ನಾನು ಹಂಗೆಲ್ಲಿ ಅಂದೆ ಕಣಮ್ಮ," ಅಂದು ಚರ್ಮ ಕತ್ತರಿಸುವ ಕಡೆ ತಿರುಗಿಕೊಂಡರು. ಆಮೇಲೆ ಆ ಮಾತು ಎತ್ತಲಿಲ್ಲ. ನಾನು ಡಿಗ್ರಿಯವಳು, ಅವರು ನಾಲ್ಕನೇ ಕ್ಲಾಸು. ಅವರ ಮಾತಿಗೆ ಅಷ್ಟೇ ಬೆಲೆ ಕೊಟ್ಟೆ.

ಶಿವರಾತ್ರಿ ಹೊತ್ತಿಗೆ ಮತ್ತೆ ಬಂದರು. ಮತ್ತೆ ಹಾಗೇ ಹೊಳಪು. ಆ ಸಲ ಪಾದವನ್ನು ಮೇಲಕ್ಕೆ ಮಡಿಸುವಾಗ ಸ್ವಲ್ಪ ಬಿಗಿ ಅನ್ನಿಸಿತು. ಕೋನ ಅಳೆಯುವ ಸಾಧನ ಡ್ರಾಯರಿನಲ್ಲಿತ್ತು, ತೆಗೆಯಲಿಲ್ಲ. ಹೊರಗೆ ಜನ ಕಾಯುತ್ತಿದ್ದರು. ಮಗು ಹೆದರಿ ಕಾಲು ಗಟ್ಟಿ ಮಾಡುತ್ತಿದೆ ಅಂದುಕೊಂಡೆ. ಒತ್ತಿ ಕೂರಿಸಿದೆ, ಕೂತಿತು. ಚೀಟಿಯಲ್ಲಿ "ತೃಪ್ತಿಕರ" ಅಂತ ಬರೆದೆ.

ಮೂರನೇ ಸಲ ಬಂದದ್ದು ಮೇ ಕಡೆಯ ವಾರ. ಇನ್ನೇನು ಸ್ಕೂಲು ಶುರು. ಈ ಸಲ ಮಗುವಿನ ಕಾಲಲ್ಲಿ ಬ್ರೇಸ್ ಇರಲಿಲ್ಲ, ತಾಯಿಯ ಕೈಯಲ್ಲಿತ್ತು. ಬಿಳಿ ಬಟ್ಟೆಯಲ್ಲಿ ಸುತ್ತಿ ತಂದಿದ್ದಳು.

"ಅಳತೆ ಸಣ್ಣಕಾಯ್ತೇನೋ ಮೇಡಮ್ಮೋರೆ. ಎಷ್ಟ್ ತೂರ್ಸುದ್ರೂ ಹಿಮ್ಮಡಿ ಒಳ್ಗೆ ಹೋಗ್ತಿಲ್ಲ. ಮಗಾ ಅಳ್ತಾಳೆ."

ಪಾದದ ಉದ್ದ ನೋಡಿದೆ. ಬೆಳೆಯುವ ಮಗು ಅಂತ ಬೆರಳ ಮುಂದೆ ಜಾಗ ಬಿಟ್ಟಿದ್ದೆ, ಅದು ಇನ್ನೂ ಸಾಲುತ್ತಿತ್ತು. ಅಗಲವೂ ಸಾಲುತ್ತಿತ್ತು. ಮಂಡಿ ಮಡಿಸಿ, ಬಿಡಿಸಿ, ಪಾದವನ್ನು ಮೇಲಕ್ಕೆ ತಳ್ಳಿದೆ. ಬರಲಿಲ್ಲ. ಡ್ರಾಯರಿನಿಂದ ಸಾಧನ ತೆಗೆದು ಅಳೆದೆ. ಇನ್ನೊಂದು ಸಲ ಅಳೆದೆ. ಅಚ್ಚು ತೆಗೆದ ದಿನ ನನ್ನ ತೊಡೆಯ ಮೇಲೆ ನೆಟ್ಟಗೆ ನಿಂತಿದ್ದ ಪಾದ ಈಗ ಅದರ ಹತ್ತಿರಕ್ಕೂ ಬರುತ್ತಿರಲಿಲ್ಲ. ಮಗು "ನೋವಾಗ್ತೈತೆ ಬುಡು" ಅಂತ ನನ್ನ ಕೈ ತಳ್ಳಿತು.

ಬ್ರೇಸನ್ನು ಕೈಗೆತ್ತಿಕೊಂಡೆ. ಮೂಗಿನ ಹತ್ತಿರ ತಂದೆ. ನುಸಿಗುಳಿಗೆ. ಪೆಟ್ಟಿಗೆಯೊಳಗಿನ ಬಟ್ಟೆಯ ವಾಸನೆ.

"ದಿನಾ ಹಾಕ್ತಿದ್ರಾ?" ಅಂದೆ.

"ಇಲ್ಲಿಗೆ ಬರ್ಬೇಕಾದ್ರೆಲ್ಲ ತಪ್ದೆ ಹಾಕ್ಕೊಂಡೇ ಬಂದಿದೀವಲ್ಲ."

"ಮನೇಲಿ?"

"ಮನೇಲಾ?" ಅವಳಿಗೆ ನನ್ನ ಪ್ರಶ್ನೆಯೇ ವಿಚಿತ್ರ ಅನ್ನಿಸಿತು. "ಮನೆ ಒಳ್ಗೆ ಬೂಟ್ ಹಾಕ್ಕೊಂಡು ಓಡಾಡ್ತಾರಾ ಮೇಡಮ್ಮೋರೆ? ನಮ್ ಮಾವ ಲಿಂಗಪೂಜೆ ಮಾಡೋರು. ಹೊಸ್ಲು ದಾಟಿ ಮೆಟ್ಟು ತಂದ್ರೆ ಸುಮ್ನಿರ್ತಾರಾ?"

"ಹೊರಗೆ?"

"ಹೊರ್ಗೆ ಮಣ್ಣು, ಸಗಣಿ. ಚಿಟ್ಟೆ ಎಲ್ಲ ಕೆರ್ದೋಗಲ್ವಾ? ನೀವೇ ಬರ್ಕೊಟ್ಟಿದೀರಲ್ಲ, ಮಣ್ಣು ತಾಗಿಸ್ಬಾರ್ದು, ಗೀರು ಬೀಳ್ಬಾರ್ದು ಅಂತ. ಅಂಗನವಾಡೀಲೂ ನೆಲದ ಮೇಲೇ ಉಳ್ಳಾಡಿಸ್ತಾರೆ. ಅದ್ಕೆ ಅಲ್ಲಿಗೂ ಇದನ್ನ ಹಾಕಿ ಕಳಿಸ್ಲಿಲ್ಲ. ಸ್ಕೂಲ್ಗೆ ಸೇರೋ ದಿನ ಹೊಸದ್ ಹಾಕ್ಕೊಂಡು ಹೋಗ್ಲಿ ಅಂತ ಪೆಟ್ಗೇಲಿ ನನ್ ಮದ್ವೆ ಸೀರೆ ಮೇಲಿಟ್ಟಿದೀನಿ. ನೀವೂ ಅಂದ್ರಲ್ಲ, ಹಿಂಗೇ ಇಟ್ಕೋಬೇಕು ಅಂತ."

ಅವಳ ದನಿಯಲ್ಲಿ ಒಂದಿಷ್ಟೂ ಅಳುಕು ಇರಲಿಲ್ಲ. ಹೇಳಿದ್ದನ್ನು ಹೇಳಿದ ಹಾಗೆ ಮಾಡಿದವಳ ದನಿ. ಬೇರೆ ಯಾವ ಆರ್ಥೋಟಿಸ್ಟ್ ಆಗಿದ್ದರೂ ಅವಳನ್ನು ಬೈಯಬಹುದಾಗಿತ್ತು. ನಾನು ಬೈಯುವ ಹಾಗಿರಲಿಲ್ಲ.

ನಾನು ಕುಣಿಗಲ್ಲಿನ ಹೈಸ್ಕೂಲಿಗೆ ಸೇರಿದಾಗ ಅವ್ವ ನನಗೆ ಕಪ್ಪು ಶೂ ಕೊಡಿಸಿದಳು. ನಮ್ಮ ಮನೆಗೆ ಬಂದ ಮೊದಲ ಶೂ. ಅಂಗಡಿಯವನು ಕೊಟ್ಟ ಡಬ್ಬಿಯಲ್ಲೇ, ಒಳಗಿನ ತೆಳು ಕಾಗದದ ಸಮೇತ ಪೆಟ್ಟಿಗೆಯಲ್ಲಿಟ್ಟಳು. ಆಗಸ್ಟ್ ಹದಿನೈದಕ್ಕೆ ಒಂದು ಸಲ ಹಾಕಿದೆ, ಜನವರಿ ಇಪ್ಪತ್ತಾರಕ್ಕೆ ಒಂದು ಸಲ. ಮಿಕ್ಕ ದಿನ ಹವಾಯಿ ಚಪ್ಪಲಿ. ಮುಂದಿನ ಆಗಸ್ಟಿಗೆ ಡಬ್ಬಿ ತೆಗೆದರೆ ಕಾಲು ತೂರಲಿಲ್ಲ. ಅವ್ವ ಅದನ್ನು ಮಡಿಲಲ್ಲಿಟ್ಟುಕೊಂಡು, ಅಡಿ ತಿರುಗಿಸಿ ನೋಡಿ, "ಒಂಚೂರೂ ಸವ್ದಿಲ್ಲ ಕಣೇ" ಅಂದದ್ದು ನನಗೆ ಈಗಲೂ ಕೇಳುತ್ತದೆ. ಅವಳು ಅದನ್ನು ಸಂಕಟದಿಂದ ಹೇಳಿದಳೋ ಸಮಾಧಾನದಿಂದ ಹೇಳಿದಳೋ ಗೊತ್ತಿಲ್ಲ. ನಮ್ಮ ಮನೆಯ ಸ್ಟೀಲ್ ತಟ್ಟೆಗಳ ಮೇಲೆ ಇನ್ನೂ ಅಂಗಡಿಯ ಚೀಟಿ ಇದೆ. ನಮ್ಮಂಥವರ ಮನೆಯಲ್ಲಿ ಒಳ್ಳೆಯ ವಸ್ತು ಬಂದರೆ ಮೊದಲು ಅದನ್ನು ಎತ್ತಿಡುತ್ತಾರೆ. ಇದನ್ನು ನನಗೆ ಯಾರೂ ಹೇಳಬೇಕಾಗಿರಲಿಲ್ಲ. ನಮ್ಮ ಮನೆಯ ಹೊಸ್ತಿಲ ಹೊರಗೂ ಚಪ್ಪಲಿ ಸಾಲಾಗಿ ಇರುತ್ತದೆ, ಒಳಗಲ್ಲ. ಈ ಊರಿನಲ್ಲಿ ಬ್ರೇಸ್ ಮಾಡುವವರಲ್ಲಿ ಇದು ಗೊತ್ತಿರಬೇಕಾಗಿದ್ದವಳು ನಾನು. ಅಷ್ಟು ಓದಿ, ಅದೊಂದನ್ನು ಮರೆತು ಬಂದಿದ್ದೆ.

ಆ ದಿನ ಪುಸ್ತಕದ ಕನ್ನಡ ನನ್ನ ಬಾಯಿಂದ ಹೋಯಿತು. ನೆಲದ ಮೇಲೆ ಅವಳ ಪಕ್ಕದಲ್ಲಿ ಕೂತು, "ಅಕ್ಕ, ಇದು ಎತ್ತಿಡೋದಲ್ಲ. ಇದು ಸವೀಬೇಕಿತ್ತು. ಇದು ಸವ್ದಿದ್ರೆ ಕಾಲು ಉಳೀತಿತ್ತು. ನಾನು ಹೇಳ್ಲಿಲ್ಲ," ಅಂದೆ.

ಅವಳಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಮಗುವನ್ನು ನಿಲ್ಲಿಸಿ, ಬ್ರೇಸ್ ಹಾಕಿ ನೋಡಿದ ದಿನದ ಹಾಗೇ ಬಗ್ಗಿ, ಹಿಮ್ಮಡಿಯ ಕೆಳಗೆ ಕಿರುಬೆರಳು ಇಟ್ಟಳು. ಆಮೇಲೆ ಎರಡು ಬೆರಳು. ಮೂರು ಬೆರಳು ಸಲೀಸಾಗಿ ಹೋಯಿತು. ಕೈ ಅಲ್ಲೇ ಇಟ್ಟುಕೊಂಡು, "ಇದ್ಕೆ ಇಷ್ಟ್ ಜೋಪಾನ ಮಾಡುದ್ನಾ ನಾನು?" ಅಂದಳು. ಅಳಲಿಲ್ಲ. ಮಗು ತಾಯಿಯ ತಲೆಯ ಮೇಲೆ ಕೈಯೂರಿಕೊಂಡು ನಿಂತಿತ್ತು.

ಮೂಳೆ ಡಾಕ್ಟರು ಒಂದಾದ ಮೇಲೊಂದು ಪ್ಲಾಸ್ಟರ್ ಪಟ್ಟಿ ಹಾಕಿ ಕೆಲವು ವಾರ ಎಳೆದು ನೋಡಿದರು. ಸ್ವಲ್ಪ ಬಂತು, ಸಾಲುವಷ್ಟು ಬರಲಿಲ್ಲ. ಇನ್ನೆರಡು ಮೂರು ವರ್ಷ ಬೆಳೆಯಲಿ, ಆಮೇಲೆ ಆಪರೇಷನ್ ಮಾಡಿ ಸ್ನಾಯು ಉದ್ದ ಮಾಡೋಣ, ಈಗಲೇ ಮಾಡಿದರೆ ಮತ್ತೆ ಬಿಗಿಯಬಹುದು ಅಂದರು. ನಾನು ನಡೆದದ್ದೆಲ್ಲ ಅವರಿಗೆ ಹೇಳಿದೆ. "ದಿನಾ ಹಾಕಿದ್ದರೂ ಆಪರೇಷನ್ ಬೇಕಾಗುತ್ತಿತ್ತೇನೋ, ಇಷ್ಟು ಬೇಗ ಬಿಗಿಯುತ್ತಿರಲಿಲ್ಲ," ಅಂದರು. ಮೊದಲರ್ಧ ಮಾತನ್ನು ಹಿಡಿದುಕೊಂಡು ಸಮಾಧಾನ ಮಾಡಿಕೊಳ್ಳಲು ನೋಡಿದೆ. ಎರಡನೆಯ ಅರ್ಧ ಬಿಡಲಿಲ್ಲ.

ಅಣ್ಣನಿಗೂ ಹೇಳಿದೆ. "ನೀವು ಅವತ್ತೇ ಹೇಳಿದ್ರಿ," ಅಂದೆ.

"ವಾಸ್ನೆ ಇಲ್ಲ ಅಂದೆ. ಹಾಕಿಲ್ಲ ಅಂತ ಅನ್ಲಿಲ್ಲ," ಅಂದರು. "ಅಷ್ಟು ಅಂದು ಸುಮ್ನಾಗ್ಬಾರ್ದಿತ್ತು ಕಣಮ್ಮ ನಾನೂ. ನೀನು ಸಿಡುಕ್ದೆ ಅಂತ ಸುಮ್ನಾದೆ." ಅವರು ನನ್ನನ್ನು ನೀನು ಅಂದದ್ದು ಅದೇ ಮೊದಲು. ನನಗೆ ಅದು ಬೇಕಾಗಿತ್ತು ಅನ್ನಿಸಿತು.

ಪಟ್ಟಿ ಬಿಚ್ಚಿದ ಮೇಲೆ ಅವರು ತುಮಕೂರಿಗೆ ಬರುವುದನ್ನು ಬಿಟ್ಟರು. ಫೋನ್ ಮಾಡಿದರೆ "ಬತ್ತೀವಿ ಮೇಡಮ್ಮೋರೆ" ಅನ್ನುವಳು, ಬರುತ್ತಿರಲಿಲ್ಲ. ಕಾಲು ಇರುವ ಹಾಗೆಯೇ ಹಿಡಿದು, ಹಿಮ್ಮಡಿಯ ಕೆಳಗೆ ದಪ್ಪ ಅಟ್ಟೆ ಕೊಟ್ಟು ಇನ್ನೊಂದು ಬ್ರೇಸ್ ಮಾಡಿದರೆ ಇರುವುದಾದರೂ ಉಳಿಯುತ್ತಿತ್ತು. ಒಂದು ಸಲ ಗುಬ್ಬಿಯ ಕೆಲಸ ಬೇಗ ಮುಗಿಯಿತು. ಬಸ್ಸು ಹತ್ತಿ ನಿಟ್ಟೂರಿಗೆ ಹೋಗಿ, ಅಲ್ಲಿಂದ ಆಟೋದಲ್ಲಿ ಅವರ ಹಳ್ಳಿಗೆ ಹೋದೆ. ಬ್ಯಾಗಿನಲ್ಲಿ ಪಟ್ಟಿ, ಪೆನ್ಸಿಲು ಎಲ್ಲ ಇಟ್ಟುಕೊಂಡೇ ಹೋಗಿದ್ದೆ.

ಸ್ಕೂಲು ಬಿಡುವ ಹೊತ್ತು. ಮಕ್ಕಳು ರಸ್ತೆ ತುಂಬಾ ಬರುತ್ತಿದ್ದವು. ಅವಳನ್ನು ದೂರದಿಂದಲೇ ಗುರುತು ಹಿಡಿದೆ, ನಡಿಗೆಯಿಂದ. ಬಲಗಾಲ ತುದಿಬೆರಳ ಮೇಲೆ, ಬ್ಯಾಗಿನ ಭಾರಕ್ಕೆ ಒಂದು ಕಡೆ ವಾಲಿಕೊಂಡು. ಹಿಂದಿನಿಂದ ಯಾರೋ ಕೊಕ್ಕೊಕ್ಕೋ ಅಂದರು. ಅವಳು ತಿರುಗಿ, "ನಿಮ್ಮಪ್ಪ ಕೋಳಿ," ಅಂದಳು. ನನ್ನನ್ನು ನೋಡಿ, "ಉಚ್ಚೆ ಮೇಡಂ!" ಅಂತ ಕೂಗಿ ನಕ್ಕಳು.

ತಾಯಿ ನನ್ನನ್ನು ಜಗುಲಿಯ ಮೇಲೆ ಕೂರಿಸಿ, ಎಳನೀರು ಕೊಟ್ಟಳು. ನಾನು ಇನ್ನೊಂದು ಬ್ರೇಸ್‌ನ ಮಾತು ಎತ್ತಿದೆ. ಜಗುಲಿಯ ಕೊನೆಯಲ್ಲಿ ಕೂತಿದ್ದ ಅವಳ ಮಾವ ನನಗೆ ಕೇಳುವ ಹಾಗೆ ಅಂದರು, "ಮೊದ್ಲು ಮಾಡ್ಸಿದ್ದೇ ಹಾಕ್ಲಿಲ್ಲ. ಇನ್ನೊಂದ್ ಯಾಕೆ, ಪೆಟ್ಗೇಲಿಡಕ್ಕಾ?" ಅವಳು ತಲೆ ಎತ್ತಲಿಲ್ಲ. ನಾನು, "ಅಜ್ಜಾರೆ, ತಪ್ಪು ಇವ್ರದಲ್ಲ, ನಂದು," ಅಂದೆ. "ಮನೆ ಒಳಗೂ ಹಾಕ್ಕೋಬೇಕು ಅದು. ಮೆಟ್ಟಲ್ಲ, ಕಾಲೇ ಅಂದ್ಕೊಳಿ." ಅವರು ನನ್ನನ್ನು ನೋಡಿ, ಎದ್ದು ಒಳಗೆ ಹೋದರು.

"ನೋಡಾನ ಬುಡಿ ಮೇಡಮ್ಮೋರೆ," ಅಂದಳು ತಾಯಿ. "ಆಪ್ರೇಷನ್ ಆದ್ಮೇಲೆ ಮಾಡಿಸ್ತೀವಿ. ಈಗ ಅವ್ಳಿಗೇ ಬೂಟು ಅಂದ್ರೆ ಆಗಲ್ಲ. ನಂಗೂ ಆಗಲ್ಲ."

ನಾನು ಮತ್ತೆ ಮತ್ತೆ ಹೇಳಿದೆ. ಅವಳು ಕೇಳಿಸಿಕೊಂಡಳು, ಹೂಂ ಅನ್ನಲಿಲ್ಲ. ಬ್ಯಾಗಿನಲ್ಲಿದ್ದ ಪಟ್ಟಿಯನ್ನು ನಾನು ಹೊರಗೆ ತೆಗೆಯಲಿಲ್ಲ. ನಾನು ಹೊರಡುವಾಗ ಅವಳು ಒಳಗೆ ಹೋದಳು, ಪೆಟ್ಟಿಗೆ ತೆಗೆದ ಸದ್ದಾಯಿತು. ಅದೇ ಬಿಳಿ ಬಟ್ಟೆಯಲ್ಲಿ ಸುತ್ತಿದ್ದನ್ನು ತಂದು ನನ್ನ ಕೈಯಲ್ಲಿಟ್ಟಳು.

"ಇಲ್ಲಿದ್ರೆ ಪೆಟ್ಗೆ ತೆಗೆದಾಗೆಲ್ಲ ಕಣ್ಣಿಗ್ ಬೀಳ್ತೈತೆ. ತಗೊಂಡೋಗಿ. ಇಷ್ಟೇ ಕಾಲಿರೋ ಬೇರೆ ಮಗೀಗ್ ಕೊಡಿ. ಹೊಸದ್ ಹೊಸ್ದಂಗೇ ಐತೆ, ಒಂದ್ ಗೀರು ಬಿದ್ದಿಲ್ಲ."

ಅಳತೆ ಕೊಟ್ಟು ಮಾಡಿಸಿದ ಬ್ರೇಸ್ ಇನ್ನೊಂದು ಮಗುವಿಗೆ ಆಗುವುದಿಲ್ಲ. ಅದು ಆ ಒಂದು ಕಾಲು, ಆ ಒಂದು ದಿನ, ನನ್ನ ತೊಡೆಯ ಮೇಲೆ ನಿಂತಿದ್ದ ಹಾಗೆ ಮಾಡಿದ್ದು. ಆ ಕಾಲಿಗೇ ಈಗ ಅದು ಆಗುವುದಿಲ್ಲ. ಇದನ್ನು ಅವಳಿಗೆ ಹೇಳಲು ನನಗಾಗಲಿಲ್ಲ. "ಕೊಡ್ತೀನಿ ಅಕ್ಕ," ಅಂದು ತೆಗೆದುಕೊಂಡೆ.

ಈಗ ಅದು ಬಟವಾಡಿಯಲ್ಲಿ ನನ್ನ ಮೇಜಿನ ಮೇಲಿದೆ. ಸೂಚನೆಯ ಹಾಳೆ ಬದಲಾಯಿಸಿದ್ದೇನೆ. ಹೊಸದನ್ನು ಅಣ್ಣನ ಕೈಲಿ ಓದಿಸಿ, ಅವರು "ಹೂಂ, ಇದು ತಿಳಿತೈತೆ" ಅಂದ ಮೇಲೆ ಮುದ್ರಿಸಿದೆ. ಒಳಗೂ ಹಾಕಿ, ಹೊರಗೂ ಹಾಕಿ, ಮಣ್ಣಾದರೆ ತೊಳೆದು ಮತ್ತೆ ಹಾಕಿ ಅಂತಿದೆ ಅದರಲ್ಲಿ. ತಪಾಸಣೆಗೆ ಬಂದ ಮಗುವಿನ ಬ್ರೇಸ್ ಬಿಚ್ಚಿದ ಕೂಡಲೇ ಮೂಸಿ ನೋಡುತ್ತೇನೆ. ಕೆಲವು ತಾಯಂದಿರು ನಾಚಿಕೊಂಡು, "ಅಯ್ಯೋ, ನಾತ ಮೇಡಂ," ಅನ್ನುತ್ತಾರೆ. ಇರಲಿ ಅನ್ನುತ್ತೇನೆ.

ಮೊನ್ನೆ ಒಂದು ಪುಟ್ಟ ಹುಡುಗಿ ಮೇಜಿನ ಮೇಲಿನ ಚಿಟ್ಟೆ ಬೂಟು ನೋಡಿ, "ಅದು ಯಾರ್ದು? ನಂಗ್ ಕೊಡಿ," ಅಂತ ಹಟ ಮಾಡಿದಳು. ಎತ್ತಿ ಕೊಟ್ಟೆ. ಅವಳೇ ಕೂತು ಕಾಲು ತೂರಿಸಿ ನೋಡಿದಳು, ಹಿಮ್ಮಡಿ ಕೂರಲಿಲ್ಲ. "ಆಗಲ್ಲ," ಅಂತ ಬೇಜಾರಿನಿಂದ ವಾಪಸ್ಸು ಕೊಟ್ಟಳು. ಒರೆಸಲು ಬಟ್ಟೆಗೆ ಕೈ ಹಾಕಿದವಳು ಬಿಟ್ಟೆ. ಒಳಗೆ ಅವಳ ಪಾದದ ಧೂಳು ತೆಳ್ಳಗೆ ಅಂಟಿತ್ತು. ಅದನ್ನು ಹಾಗೇ ಇಟ್ಟಿದ್ದೇನೆ.